ಒಬ್ಬನಿಗಾಗಿ ಎಲ್ಲರು, ಎಲ್ಲರಿಗಾಗಿ ಒಬ್ಬ



ಬಡ್ಡಿ ಸಾಹುಕಾರರಿಂದ ರೈತರನ್ನು ಬಿಡಿಸಲು ಜರ್ಮನಿಯ ರೈಫೈಸನ್ ಅವರು 1864ರಲ್ಲಿ ಸಾಲದ ಸಂಘ ಕಟ್ಟಿದರು. ಒಬ್ಬನಿಗಾಗಿ ಎಲ್ಲರು, ಎಲ್ಲರಿಗಾಗಿ ಒಬ್ಬ ಎಂಬುದೇ ಅದರ ತಿರುಳು. ಆ ವಿಚಾರ 1905ರಲ್ಲಿ ಸಿದ್ಧನಗೌಡ ಪಾಟೀಲರಿಂದ ಗದಗ ಹತ್ತಿರದ ಕಣಗಿನಹಾಳಕ್ಕೆ ಬಂತು. ಮುಂದೆ ನಮ್ಮ ತಿಕೋಟಾ, ಬಬಲೇಶ್ವರ ಭಾಗಕ್ಕೂ ಬಂತು.

ಆದರೆ ಸಾಲ ಒಯ್ಯುವಾಗ ಸಂಘ ನಮ್ಮದು, ತುಂಬುವಾಗ ಯಾರದೋ ಅಂತೀವಲ್ಲ? ತನಗೆ ಬ್ಯಾಡಾದದ್ದನ್ನು ಮತ್ತೊಬ್ಬರಿಗೆ ಮಾಡಬಾರದೆಂದು ಚೀನಾದ ಕನ್‌ಫ್ಯೂಷಿಯಸ್ ಎರಡೂವರೆ ಸಾವಿರ ವರ್ಷದ ಹಿಂದೆಯೇ ಕಲಿಸಿದರು. ನಮ್ಮ ಬಾಕಿಯಿಂದ ಬಾಜೂ ಹೊಲದವನ ಬೆಳೆಸಾಲ ನಿಂತರೆ? ಅದೇ ನಮಗಾಗಿದ್ದರೆ?

ಬರಗಾಲದಾಗ ಸೋತವರ ಮಾತು ಬ್ಯಾರೆ. ಅವರ ಕೈ ಹಿಡಿಯಬೇಕು. ಅದಕ್ಕಾಗಿಯೇ, ಇದ್ದವರು ವಾಯಿದೆಗೆ ಸರಿಯಾಗಿ ತುಂಬಬೇಕು. ಬೆಳ್ಳಿಹಬ್ಬದ ದಿನ ಇದೊಂದು ಮಾತು ಕೊಡೋಣ.

ಜೈ ಸಹಕಾರ.