ಆರು ಶೆಡ್ಡು, ಒಬ್ಬ ಅಪ್ರೆಂಟಿಸ್

ರಾಜಾಜಿನಗರ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಕುಂಬಳಗೋಡುಗಳಿಂದ ಶೆಡ್ಡನ್ನು ಮೇಸ್ತ್ರಿಗೆ ಒಪ್ಪಿಸಿ ಬಂದಿರುವ ಮಿತ್ರರೇ,

ನಮ್ಮಲ್ಲಿ ಯಾರೇ ಇಬ್ಬರು ಸೇರಿದರೆ ಮೊದಲು ಬರುವ ಮಾತು, “ಹುಡುಗರು ಸಿಗ್ತಿಲ್ಲ ಸಾರ್.” ಅದರ ಹಿಂದೆಯೇ ಇನ್ನೊಂದು: “ಸಿಕ್ಕವನಿಗೆ ಕಲಿಸಿದ್ರೆ ಪಕ್ಕದ ರೋಡಿಗೆ ಹೋಗ್ತಾನೆ.” ನಾನು ಮಾತಾಡಬೇಕೆಂದಿರುವುದು ಈ ಎರಡನೆಯದರ ಬಗ್ಗೆ. ಮೊದಲನೆಯದು ಹುಟ್ಟಿದ್ದೇ ಇದರಿಂದ ಎಂಬುದು ನನ್ನ ಲೆಕ್ಕ.

ಇಲ್ಲಿ ಕೂತವರಲ್ಲಿ ಅನೇಕರು, ಇಲ್ಲವೇ ಅವರ ತಂದೆಯವರು, ಎಚ್‌ಎಂಟಿಯಲ್ಲೋ ಮೈಕೋದಲ್ಲೋ ಕಿರ್ಲೋಸ್ಕರಿನಲ್ಲೋ ಕೈ ಪಳಗಿಸಿಕೊಂಡು, ಹೊರಬಂದು ಒಂದು ಲೇತ್ ಹಾಕಿಕೊಂಡವರು. ಮೈಕೋ 1960ರಲ್ಲೇ ಆಡುಗೋಡಿಯಲ್ಲಿ ಅಪ್ರೆಂಟಿಸ್‌ಗಳಿಗೆಂದೇ ತರಬೇತಿ ಕೇಂದ್ರ ತೆರೆಯಿತು. ಮರುವರ್ಷ, 1961ರಲ್ಲಿ, ಅಪ್ರೆಂಟಿಸ್ ಕಾಯ್ದೆ ಬಂತು. ಆ ಕಾರ್ಖಾನೆಗಳ ಖರ್ಚಿನಲ್ಲಿ ಕಲಿತ ಕೈಗಳೇ ನಮ್ಮ ಶೆಡ್ಡುಗಳನ್ನು ಕಟ್ಟಿದವು. ಅಂದರೆ, ಕಲಿತು ಪಕ್ಕದ ರೋಡಿಗೆ ಹೋದವರು ನಾವೇ! ನಮ್ಮನ್ನೂ ಯಾವನೋ ಫೋರ್‌ಮನ್ ಬೈದುಕೊಂಡಿರಬೇಕು.

ಆ ಪುಕ್ಕಟೆ ಪಾಠಶಾಲೆ ಈಗ ಇಲ್ಲ. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇದ್ದ ಜಾಗದಲ್ಲಿ ಒರಾಯನ್ ಮಾಲ್ ಎದ್ದಿದೆ. ದೊಡ್ಡ ಕಂಪನಿಗಳು ತಮ್ಮ ದಾರಿ ತಾವು ನೋಡಿಕೊಂಡಿವೆ. ಟೊಯೋಟ 2007ರಲ್ಲೇ ಬಿಡದಿಯಲ್ಲಿ ಸ್ವಂತ ತರಬೇತಿ ಸಂಸ್ಥೆ ತೆರೆಯಿತು. ನಮ್ಮ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೇ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ ಇದೆ, ಡೆನ್ಮಾರ್ಕ್ ಸಹಕಾರದಿಂದ 1972ರಲ್ಲಿ ಹುಟ್ಟಿದ್ದು. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಸಂಸ್ಥೆಯೊಳಗೆ, ಮೇಲೊಂದು ವರ್ಷ ಕಾರ್ಖಾನೆಯಲ್ಲಿ. ಗೇಟಿನ ಎದುರಿಗೇ ನಾವಿದ್ದರೂ ಆ ಒಂದು ವರ್ಷಕ್ಕೆ ಹುಡುಗರು ನಮ್ಮ ಬಾಗಿಲಿಗೆ ಬರುವುದು ಅಪರೂಪ. ಯಾಕೆ ಬರಬೇಕು ಹೇಳಿ? ನಾಲ್ಕು ಜನರ ಶೆಡ್ಡಿನಲ್ಲಿ ವರ್ಷವಿಡೀ ಒಂದೇ ಬುಶ್ ತಿರುಗಿಸಿದರೆ ಅವನು ಕಲಿಯುವುದೇನು?

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. ಅಪ್ರೆಂಟಿಸ್ ಕಾಯ್ದೆಯ ನಿಯಮಗಳಿಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ 30 ಅಥವಾ ಹೆಚ್ಚು ಜನ ಇರುವ ಕಡೆ ಅಪ್ರೆಂಟಿಸ್ ಕಡ್ಡಾಯ, ನೌಕರರ ಸಂಖ್ಯೆಯ ಶೇ. 2.5ರಿಂದ 15ರಷ್ಟು. 4ರಿಂದ 29 ಜನರಿದ್ದರೆ ನಮ್ಮ ಇಚ್ಛೆ. ಸ್ಟೈಪೆಂಡಿನಲ್ಲಿ ಶೇ. 25ನ್ನು, ತಿಂಗಳಿಗೆ 1500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಭರಿಸುವ ಯೋಜನೆ 2016ರಿಂದ ಇದೆ. ಇಷ್ಟು ನಮ್ಮ ಆಡಿಟರಿಗೂ ಗೊತ್ತು. ನಾವು ಓದದೆ ಬಿಟ್ಟ ಸಾಲು ಬೇರೆ: ಹಲವು ಮಾಲೀಕರು ಒಟ್ಟಾಗಿ, ಅಪ್ರೆಂಟಿಸನ್ನು ಒಬ್ಬರ ಘಟಕದಿಂದ ಇನ್ನೊಬ್ಬರ ಘಟಕಕ್ಕೆ ಕಳಿಸಿ ಕಲಿಸಬಹುದೆಂದು ಅದೇ ಕಾಯ್ದೆ ಹೇಳುತ್ತದೆ. ಜರ್ಮನಿಯ ಸಣ್ಣ ಕಾರ್ಖಾನೆಗಳೂ ಹೀಗೆ ಜೊತೆಗೂಡಿ ಕಲಿಸುತ್ತವೆ.

ನಮಗೆ ಇದು ಹೊಸದೇನಲ್ಲ. ಕೆಲಸವಂತೂ ಹಾಗೇ ನಡೆಯುತ್ತಿದೆ. ಟರ್ನಿಂಗ್ ನನ್ನಲ್ಲಿ, ಮಿಲ್ಲಿಂಗ್ ಎರಡನೇ ಕ್ರಾಸಿನಲ್ಲಿ, ಹೀಟ್ ಟ್ರೀಟ್‌ಮೆಂಟ್ ಇನ್ನೊಬ್ಬರಲ್ಲಿ, ಗ್ರೈಂಡಿಂಗ್, ವೈರ್‌ಕಟ್, ಕೊನೆಗೆ ಇನ್‌ಸ್ಪೆಕ್ಷನ್. ಒಂದು ಜಾಬ್ ಆರು ಶೆಡ್ಡು ತಿರುಗಿ ಮುಗಿಯುತ್ತದೆ. ಆ ಜಾಬಿನ ಜೊತೆಗೇ ಒಬ್ಬ ಹುಡುಗನೂ ತಿರುಗಲಿ. ಎರಡು ವರ್ಷ ಐಟಿಐ ಮುಗಿಸಿ ಬಂದವನು ಒಂದು ವರ್ಷದಲ್ಲಿ ಡ್ರಾಯಿಂಗ್ ಓದುವುದು, ಸೆಟ್ಟಿಂಗ್ ಮಾಡುವುದು, ಆಫ್‌ಸೆಟ್ ಕೊಡುವುದು, ರಿಜೆಕ್ಷನ್ ಯಾಕಾಯಿತೆಂದು ಹೇಳುವುದು, ಎಲ್ಲವನ್ನೂ ನೋಡಿರುತ್ತಾನೆ. ಪಕ್ಕದ ರೋಡಿಗೆ ಹೋದರೂ ನಮ್ಮ ಆರರಲ್ಲೇ ಒಂದಕ್ಕೆ ಹೋಗುವ ಸಂಭವ ಹೆಚ್ಚು. ದೊಡ್ಡ ಕಂಪನಿಗೆ ಹೋದರೆ ಹೋಗಲಿ.

ಒಂದು ಕಟು ಮಾತು. ಅಪ್ರೆಂಟಿಸ್ ಹೆಸರಿನಲ್ಲಿ ಬರ್ ಗುಡಿಸಲು, ಟೀ ತರಲು ಹೆಲ್ಪರನ್ನು ಇಟ್ಟುಕೊಳ್ಳುವ ಚಾಳಿ ನಮ್ಮಲ್ಲಿದೆ. ಕಲಿಯದವನನ್ನು ಪವರ್ ಪ್ರೆಸ್ ಮುಂದೆ ಒಂಟಿಯಾಗಿ ನಿಲ್ಲಿಸುವವರೂ ಇದ್ದಾರೆ. ಬೆರಳು ಹೋದರೆ ಪರಿಹಾರದ ಹೊಣೆ ಮಾಲೀಕನದೇ ಎಂದು ಕಾಯ್ದೆ ಹೇಳುತ್ತದೆ. ಹೋದ ಬೆರಳನ್ನು ಯಾವ ಕಾಯ್ದೆ ತರುತ್ತದೆ? ಇನ್ನು, ಹೆಣ್ಣುಮಕ್ಕಳೂ ಐಟಿಐ ಮುಗಿಸಿ ಬರುತ್ತಿದ್ದಾರೆ. ನಮ್ಮ ಎಷ್ಟು ಶೆಡ್ಡುಗಳಲ್ಲಿ ಅವರಿಗೆ ಶೌಚಾಲಯವಿದೆ? ಪೀಣ್ಯಕ್ಕೆ 2014ರಲ್ಲಿ, ಕೆಂಗೇರಿಗೆ 2021ರಲ್ಲಿ ಮೆಟ್ರೊ ಬಂತು, ಹೋಗಿಬರುವುದು ಸುಲಭವಾಯಿತು. ಬಾಗಿಲವರೆಗೆ ಬಂದವಳು ಒಳಗಿನ ಸ್ಥಿತಿ ನೋಡಿ ವಾಪಸ್ ಹೋದರೆ ಮೆಟ್ರೊ ಏನು ಮಾಡೀತು?

ಇನ್ನೂ ಬಗೆಹರಿಯದ್ದು ದುಡ್ಡಿನ ವಿಷಯ. ಕರಾರಿಗೆ ಸಹಿ ಹಾಕುವವರು ಯಾರು, ಜಾಬ್ ವರ್ಕ್ ಇಲ್ಲದ ತಿಂಗಳು ಸ್ಟೈಪೆಂಡ್ ಕೊಡುವವರು ಯಾರು? ನನ್ನ ಸಲಹೆ: ಸಹಿ ನಮ್ಮ ಮಾಲೀಕರ ಸಂಘದ್ದಾಗಲಿ, ಆರೂ ಜನ ತಿಂಗಳ ಮೊದಲ ವಾರವೇ ತಮ್ಮ ಪಾಲನ್ನು ಸಂಘದ ಖಾತೆಗೆ ಕಟ್ಟಲಿ, ಹುಡುಗ ಯಾರ ಶೆಡ್ಡಿನಲ್ಲಿದ್ದರೂ ಸರಿ. ಒಪ್ಪದವರು ಮಧ್ಯಾಹ್ನದ ಗೋಷ್ಠಿಯಲ್ಲಿ ಜಗಳವಾಡಿ, ಅದಕ್ಕೆಂದೇ ಎರಡು ಗಂಟೆ ಇಟ್ಟಿದ್ದೇವೆ. ಒಪ್ಪುವವರು ಊಟಕ್ಕೆ ಏಳುವ ಮುನ್ನ ನೋಂದಣಿ ಮೇಜಿನಲ್ಲಿ ಶೆಡ್ಡಿನ ವಿಳಾಸ, ಇರುವ ಮಷಿನ್ನುಗಳು, ಕಲಿಸಬಲ್ಲ ಮೇಸ್ತ್ರಿಯ ಹೆಸರು ಬರೆಸಿ. ನನ್ನದನ್ನು ಬೆಳಿಗ್ಗೆಯೇ ಬರೆಸಿದ್ದೇನೆ.