ಮೆಮೊರಿಗೂ ಒಂದು ನೋಂದಣಿ



ಉರ್ದು, ಕನ್ನಡ ಪಾಠ ಮಾಡುವ ಇವರಿಗೆ ಕಂಪ್ಯೂಟರ್ ವಿಷಯವೇಕೆ ಎಂದು ನೀವು ಕೇಳಬಹುದು. ಭದ್ರಾವತಿಯಲ್ಲಿ ನನ್ನ ಹತ್ತಿರ ಓದಿದ ಹುಡುಗನೊಬ್ಬ ಈಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ರಜೆಗೆ ಬಂದವನು, "ಟೀಚರ್, ಮೆಮೊರಿ ರಿಜಿಸ್ಟ್ರೇಷನ್ ತಲೆಗೇ ಹೋಗುತ್ತಿಲ್ಲ, ಪ್ರಾಜೆಕ್ಟ್ ಬಿಟ್ಟುಬಿಡುತ್ತೇನೆ" ಎಂದ. ಮೂರು ಸಂಜೆ ಇಬ್ಬರೂ ಕೂತು ಓದಿದೆವು. ಅದನ್ನೇ ನಿಮ್ಮ ಮುಂದಿಡುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ 'ಪರಮ್ ಪ್ರವೇಗ' ಸೂಪರ್ ಕಂಪ್ಯೂಟರ್ ಸ್ಥಾಪನೆಯಾಯಿತು. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ! ಅದು ಒಂದೇ ಯಂತ್ರವಲ್ಲ, ನೂರಾರು ಕಂಪ್ಯೂಟರುಗಳ ಕೂಟ. ಅವುಗಳನ್ನು ಜೋಡಿಸಿರುವುದು ಇನ್ಫಿನಿಬ್ಯಾಂಡ್ ಎಂಬ ಜಾಲ.

ಸಾಮಾನ್ಯ ಜಾಲದಲ್ಲಿ ಬಂದ ಮಾಹಿತಿಯನ್ನು ಮೊದಲು ಕರ್ನಲ್ ತನ್ನ ಬಳಿ ಇಟ್ಟುಕೊಂಡು, ಬಳಿಕ ಪ್ರೋಗ್ರಾಮಿಗೆ ನಕಲು ಮಾಡಿ ಕೊಡುತ್ತದೆ. ಆರ್‌ಡಿಎಂಎ ಪದ್ಧತಿಯಲ್ಲಿ ಈ ಮಧ್ಯವರ್ತಿ ಇಲ್ಲ. ಒಂದು ಯಂತ್ರದ ಜಾಲ ಕಾರ್ಡು ಇನ್ನೊಂದು ಯಂತ್ರದ ಮೆಮೊರಿಗೆ ನೇರವಾಗಿ ಬರೆಯುತ್ತದೆ. ಅಲ್ಲಿನ ಪ್ರೊಸೆಸರ್ ತನ್ನ ಕೆಲಸ ಬಿಟ್ಟು ಏಳಬೇಕಾಗಿಲ್ಲ.

ತೊಡಕು ಇಲ್ಲೇ ಇದೆ. ಪ್ರೋಗ್ರಾಮಿಗೆ ಕಾಣುವ ವಿಳಾಸ ನಿಜವಾದ ವಿಳಾಸವಲ್ಲ. ಲಿನಕ್ಸ್ ಮೆಮೊರಿಯನ್ನು ಪುಟಗಳಾಗಿ, ಸಾಮಾನ್ಯವಾಗಿ 4 ಕಿಲೋಬೈಟಿನಂತೆ, ಹಂಚುತ್ತದೆ. ಬೇಕೆನಿಸಿದಾಗ ಪುಟವನ್ನು ಡಿಸ್ಕಿಗೆ ಸಾಗಿಸಿ ಆ ಜಾಗವನ್ನು ಇನ್ನೊಬ್ಬರಿಗೆ ಕೊಡುತ್ತದೆ. ಶಿವಮೊಗ್ಗದಿಂದ ಭದ್ರಾವತಿಯ ಗೋದಾಮಿಗೆ ಲಾರಿ ಹೊರಟಿದೆ ಎನ್ನಿ. ಅದು ಬಿದರೆ ದಾಟುವಷ್ಟರಲ್ಲಿ ಗೋದಾಮಿನವರು ಆ ಕೋಣೆಯನ್ನು ಬೇರೆಯವರಿಗೆ ಕೊಟ್ಟರೆ? ಸರಕು ಯಾರದೋ ಸಾಮಾನಿನ ಮೇಲೆ ಬೀಳುತ್ತದೆ, ಲಾರಿಯವನಿಗೆ ಗೊತ್ತೂ ಆಗುವುದಿಲ್ಲ.

ಅದಕ್ಕೇ ನೋಂದಣಿ. ಪ್ರೋಗ್ರಾಂ "ಈ ಜಾಗ ನನ್ನದು" ಎಂದು ಅರ್ಜಿ ಹಾಕುತ್ತದೆ. ಕರ್ನಲ್ ಆ ಪುಟಗಳನ್ನು ಅಲುಗದಂತೆ ಹಿಡಿದಿಡುತ್ತದೆ. ಡ್ರೈವರ್ ಅವುಗಳ ವಿಳಾಸದ ಪಟ್ಟಿಯನ್ನು ಕಾರ್ಡಿಗೆ ಒಪ್ಪಿಸಿ ಎರಡು ಕೀಲಿ ಕೊಡುತ್ತದೆ: ಒಂದು ಸ್ವಂತಕ್ಕೆ, ಇನ್ನೊಂದು ದೂರದ ಯಂತ್ರಕ್ಕೆ. ಓದಲು ಮಾತ್ರವೋ, ಬರೆಯಲೂ ಬಹುದೋ ಎಂಬುದೂ ಆಗಲೇ ದಾಖಲಾಗುತ್ತದೆ. ಕೀಲಿ ತಪ್ಪಿದರೆ ಕಾರ್ಡು ಬಾಗಿಲಲ್ಲೇ ತಡೆಯುತ್ತದೆ. ಕೆಲಸ ಮುಗಿದ ಮೇಲೆ ನೋಂದಣಿ ರದ್ದು ಮಾಡಬೇಕು. ಅಲ್ಲಿಯವರೆಗೆ ಆ ಪುಟಗಳು ಯಾರಿಗೂ ಸಿಗವು. ಮರೆಗುಳಿಗಳಿಗೆ ಇದು ಹೇಳಿದ ಕೆಲಸವಲ್ಲ!

ಲಿನಕ್ಸ್ ಕರ್ನಲ್ಲಿಗೆ ಇನ್ಫಿನಿಬ್ಯಾಂಡ್ ಬೆಂಬಲ ಸೇರಿದ್ದು 2005ರಲ್ಲಿ, 2.6.11ನೇ ಆವೃತ್ತಿಯಲ್ಲಿ. ದುಬಾರಿ ಕಾರ್ಡು ನಮ್ಮ ಮಕ್ಕಳಿಗೆಲ್ಲಿ ಸಿಗಬೇಕು ಎಂದು ನಾನು ಅಂದುಕೊಂಡಿದ್ದೆ. ಆದರೆ 2016ರ 4.8ನೇ ಆವೃತ್ತಿಯಿಂದ ಸಾಮಾನ್ಯ ಈಥರ್ನೆಟ್ ಮೇಲೆಯೇ ಇದನ್ನು ಅಭ್ಯಾಸ ಮಾಡಲು ಸಾಫ್ಟ್ ರೋಸೆ ಎಂಬ ಡ್ರೈವರ್ ಇದೆ. ವೇಗ ಸಿಗದು, ನೋಂದಣಿಯ ಕ್ರಮ ಮಾತ್ರ ಅದೇ.

ಹುಡುಗ ಹಳೆಯ ಎರಡು ಕಂಪ್ಯೂಟರಿನಲ್ಲಿ ಅದನ್ನೇ ಹಾಕಿಕೊಂಡಿದ್ದ. ಎಷ್ಟೋ ಮೆಮೊರಿ ಖಾಲಿ ಇದ್ದರೂ "ಮೆಮೊರಿ ಸಿಗುತ್ತಿಲ್ಲ" ಎಂಬ ದೋಷ ಬರುತ್ತಿತ್ತು. ಒಂದು ಪ್ರೋಗ್ರಾಂ ಎಷ್ಟು ಮೆಮೊರಿಯನ್ನು ಹಿಡಿದಿಡಬಹುದು ಎಂಬುದಕ್ಕೆ ಲಿನಕ್ಸಿನಲ್ಲಿ ಮಿತಿಯಿದೆ. ಇವನೋ ಪ್ರತಿ ಸಂದೇಶಕ್ಕೂ ಹೊಸ ನೋಂದಣಿ ಮಾಡಿ, ಹಳೆಯದನ್ನು ರದ್ದು ಮಾಡದೇ ಬಿಟ್ಟಿದ್ದ. ಮಿತಿ ಹೆಚ್ಚಿಸಿದ್ದರೆ ಸ್ವಲ್ಪ ಹೊತ್ತು ಓಡಿ ಮತ್ತೆ ನಿಲ್ಲುತ್ತಿತ್ತು. ಮೂರನೆಯ ಸಂಜೆ ಅವನೇ ಅದನ್ನು ಕಂಡುಹಿಡಿದ. ಆರಂಭದಲ್ಲಿ ಒಮ್ಮೆ ಮಾತ್ರ ನೋಂದಾಯಿಸಿ, ಅದೇ ಜಾಗವನ್ನು ಮತ್ತೆ ಮತ್ತೆ ಬಳಸುವಂತೆ ತಿದ್ದಿದ. ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ಓಡ್ತಾ ಇದೆ ಟೀಚರ್, ಇನ್ನೂ ನಿಂತಿಲ್ಲ" ಎಂದ.