ತರಕಾರಿ ಒಲ್ಲದ ಯಜಮಾನರಿಗೆ ರಾತ್ರಿಯ ಊಟ

(ಕೃಷ್ಣರಾಜಪುರದಲ್ಲಿ ರೈತ ಕುಟುಂಬಗಳ ಮುಂದೆ ಮಾಡಿದ ಭಾಷಣದ ಪಠ್ಯ)



ಬೇಸಾಯಶಾಸ್ತ್ರದ ಪಾಠ ಹೇಳುವವಳನ್ನು ಕರೆದು ಅಡುಗೆಯ ಬಗ್ಗೆ ಮಾತನಾಡಿ ಎಂದರೆ ಯಾರಿಗಾದರೂ ನಗು ಬರಬಹುದು. ಆದರೆ ರಾಗಿಯ ಇಳುವರಿ ಎಕರೆಗೆ ಎಷ್ಟು ಕ್ವಿಂಟಾಲ್ ಎಂದು ಲೆಕ್ಕ ಹಾಕುವ ನಾವು, ಆ ರಾಗಿ ಮುದ್ದೆಯಾಗಿ ತಟ್ಟೆಗೆ ಬಂದಾಗ ಅದರ ಪಕ್ಕದಲ್ಲಿ ಏನಿದೆ ಎಂದು ನೋಡದೆ ಹೋದರೆ ಕೆಲಸ ಅರ್ಧಕ್ಕೇ ನಿಂತಂತೆ. ಅಲ್ಲದೆ ಈ ವಿಷಯವನ್ನು ಆರಿಸಿದವರು ನೀವೇ. ಕೈತೋಟದ ಬಗ್ಗೆ ಹೇಳಲು ಹೋದ ಕಡೆಯಲ್ಲೆಲ್ಲ ತಾಯಂದಿರು ಒಂದೇ ಮಾತು ಹೇಳುತ್ತಾರೆ: "ಬೆಳೆಯೋದು ಕಷ್ಟ ಅಲ್ಲ ಮೇಡಂ, ನಮ್ಮೆಜಮಾನ್ರು ಪಲ್ಯನ ತಟ್ಟೆ ಅಂಚಿಗೆ ತಳ್ತಾರೆ, ಅದಕ್ಕೇನು ಮಾಡೋದು?"

ಇದು ಒಬ್ಬರ ನಾಲಿಗೆಯ ವಿಷಯ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮನೆಯಲ್ಲಿ ನಡೆಯುವುದೇನೆಂದು ನೋಡಿ. ಯಜಮಾನರು ಸೊಪ್ಪು ಮುಟ್ಟುವುದಿಲ್ಲವೆಂದು ಮೊದಲು ವಾರಕ್ಕೆ ಎರಡು ದಿನ ಸೊಪ್ಪು ತಪ್ಪುತ್ತದೆ. ಅಪ್ಪನನ್ನು ನೋಡಿ ಮಗ ತಳ್ಳುತ್ತಾನೆ. ಕೊನೆಗೆ ತನಗೊಬ್ಬಳಿಗೆ ಯಾಕೆ ಮಾಡಿಕೊಳ್ಳಬೇಕೆಂದು ತಾಯಿಯೂ ಬಿಡುತ್ತಾಳೆ. ಬೇಳೆಯ ತಿಳಿಸಾರು, ಅನ್ನ, ಹಪ್ಪಳದಲ್ಲಿ ರಾತ್ರಿ ಕಳೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಆದರೂ ಗಂಡ ತಳ್ಳಿದ ಸೊಪ್ಪಿನ ನಷ್ಟ ಗಂಡನಿಗಷ್ಟೇ ಅಲ್ಲ ಎಂಬುದನ್ನು ಮಾತ್ರ ಗಮನಿಸಬೇಕು.

ಒಬ್ಬರಿಗೆ ದಿನಕ್ಕೆ ಎಷ್ಟು ಬೇಕು? ಹಣ್ಣು ತರಕಾರಿ ಎರಡೂ ಸೇರಿ ಕನಿಷ್ಠ 400 ಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರಲ್ಲಿ ಆಲೂಗಡ್ಡೆ, ಗೆಣಸು ಲೆಕ್ಕಕ್ಕಿಲ್ಲ. "ನಮ್ಮವರು ಆಲೂಗಡ್ಡೆ ಪಲ್ಯ ಚೆನ್ನಾಗಿ ತಿಂತಾರೆ" ಎನ್ನುವವರು ಅದನ್ನು ಮುದ್ದೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬೆಳಗಿನ ತಿಂಡಿಯಲ್ಲಿ ತರಕಾರಿ ಅಷ್ಟಕ್ಕಷ್ಟೆ. ಮಧ್ಯಾಹ್ನ ಹೊಲದಲ್ಲೋ ಕಾರ್ಖಾನೆಯಲ್ಲೋ ಹೋಟೆಲಿನಲ್ಲೋ ಊಟ. ಮನೆಯ ಅಡುಗೆ ಪೂರ್ತಿ ನಿಮ್ಮ ಕೈಯಲ್ಲಿರುವುದು ರಾತ್ರಿಗೆ ಮಾತ್ರ. ಆದ್ದರಿಂದ ಈ 400ರಲ್ಲಿ ಅರ್ಧವನ್ನು ರಾತ್ರಿಯೇ ತಲುಪಿಸುವುದು ಹೇಗೆ ಎಂಬುದು ನಮ್ಮ ಇಂದಿನ ಪ್ರಶ್ನೆ.

ಮೊದಲು ರಾಗಿಯ ವಿಷಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಇದು ನಿಮಗೆಲ್ಲ ತಿಳಿದದ್ದೇ. ತಿಳಿಯದೆ ಉಳಿದಿರುವುದು, ರಾಗಿಯಲ್ಲಿ ಇಲ್ಲದ್ದು ಏನು ಎಂಬುದು. ಅದರಲ್ಲಿ ಸಿ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ, ಎ ಜೀವಸತ್ವವಾಗಿ ಮಾರ್ಪಡುವ ಕ್ಯಾರೋಟಿನ್ ಬಹಳ ಸ್ವಲ್ಪ. ಕಬ್ಬಿಣದ ಅಂಶ ಇದ್ದರೂ, ರಾಗಿಯಲ್ಲೇ ಇರುವ ಒಗರಿನ ವಸ್ತು ಮತ್ತು ಫೈಟಿಕ್ ಆಮ್ಲ ಅದನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮುದ್ದೆಯಲ್ಲಿ ಇಲ್ಲದ ಈ ಎರಡು ಜೀವಸತ್ವಗಳೂ ಸೊಪ್ಪಿನಲ್ಲಿವೆ. ನಮ್ಮ ಹಿರಿಯರು ಇವೆರಡನ್ನೂ ಒಂದೇ ತಟ್ಟೆಗೆ ಹಾಕಿದರು.

ಮುದ್ದೆ ಉಣ್ಣುವವರ ಒಂದು ಅನುಕೂಲವೆಂದರೆ, ಸಾರಿಲ್ಲದೆ ಮುದ್ದೆ ಇಳಿಯುವುದಿಲ್ಲ. ಪಲ್ಯವನ್ನು ಅಂಚಿಗೆ ತಳ್ಳಬಹುದು, ಸಾರನ್ನು ತಳ್ಳಲಾಗದು. ಪಲ್ಯ ಒಲ್ಲದವರ ಮನೆಯಲ್ಲಿ ತರಕಾರಿ ಸಾರಿನ ದಾರಿಯಲ್ಲೇ ಹೋಗಬೇಕು ಎಂಬುದು ನನ್ನ ಅಭಿಪ್ರಾಯ.

ಆಗ ನೀವು, "ನಾವು ಬಸ್ಸಾರು ಮಾಡ್ತೀವಲ್ಲ" ಎನ್ನುತ್ತೀರಿ. ಬಸ್ಸಾರು, ಉಪ್ಸಾರು ಎರಡೂ ಒಳ್ಳೆಯ ಅಡುಗೆಗಳೇ. ಆದರೆ ಅವುಗಳ ಕ್ರಮವನ್ನು ಗಮನಿಸಿ. ಕಾಳು ಸೊಪ್ಪು ಬೇಯಿಸಿ, ಬಸಿದು, ಕಟ್ಟನ್ನು ಸಾರಿಗೆ ಇಟ್ಟುಕೊಂಡು, ಬೆಂದ ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತೇವೆ. ಕಟ್ಟಿಗೆ ಇಳಿಯುವುದು ನೀರಿನಲ್ಲಿ ಕರಗುವ ಸತ್ವಗಳು: ಕೆಲವು ಲವಣಗಳು, ಬಿ ಮತ್ತು ಸಿ ಜೀವಸತ್ವಗಳ ಒಂದು ಭಾಗ. ನಾರು, ಕ್ಯಾರೋಟಿನ್, ಬಹುಪಾಲು ಸಸಾರಜನಕ ಪಲ್ಯದಲ್ಲೇ ಉಳಿಯುತ್ತವೆ. ಸಾರನ್ನು ಸುರಿದುಕೊಂಡು ಪಲ್ಯ ಬಿಡುವ ಯಜಮಾನರು ಸೊಪ್ಪಿನ ರುಚಿ ಉಂಡಿದ್ದಾರೆಯೇ ಹೊರತು ಸೊಪ್ಪನ್ನು ಉಂಡಿಲ್ಲ.

ಇಂಥವರಿಗೆ ಬಸ್ಸಾರಿಗಿಂತ ಮಸ್ಸೊಪ್ಪು ಮೇಲು. ಅದರಲ್ಲಿ ಬಸಿಯುವುದೇ ಇಲ್ಲ. ಹಾಕಿದ್ದೆಲ್ಲ ಒಳಗೇ ಇರುತ್ತದೆ. ಐದು ಜನರ ಮನೆಗೆ ಹೀಗೆ ಮಾಡಬಹುದು. ತೊಗರಿಬೇಳೆ 150 ಗ್ರಾಂ. ಬಿಡಿಸಿದ ಸೊಪ್ಪು ಮುಕ್ಕಾಲು ಕಿಲೋ: ದಂಟು, ಸಬ್ಬಸಿಗೆ, ಸ್ವಲ್ಪ ಮೆಂತ್ಯ, ಒಂದು ಹಿಡಿ ನುಗ್ಗೆಸೊಪ್ಪು. ಟೊಮೇಟೊ ಕಾಲು ಕಿಲೋ, ಎರಡು ಈರುಳ್ಳಿ, ಒಂದು ಗೆಡ್ಡೆ ಬೆಳ್ಳುಳ್ಳಿ, ಖಾರಕ್ಕೆ ತಕ್ಕಷ್ಟು ಹಸಿಮೆಣಸಿನಕಾಯಿ. ಮುಕ್ಕಾಲು ಕಿಲೋ ಸೊಪ್ಪನ್ನು ರಾಶಿ ಹಾಕಿದಾಗ ಇಷ್ಟೊಂದೇ ಎನ್ನಿಸುತ್ತದೆ. ಒಲೆಯ ಮೇಲೆ ಹತ್ತು ನಿಮಿಷದಲ್ಲಿ ಕುಗ್ಗಿ ತಳ ಸೇರುತ್ತದೆ. ಬೇಳೆ ಮುಕ್ಕಾಲು ಬೆಂದ ಮೇಲೆ ಉಳಿದದ್ದನ್ನು ಹಾಕಿ, ಮುಚ್ಚಿ ಬೇಯಿಸಿ. ಹಸಿರು ಬಣ್ಣ ಉಳಿಯಲಿ, ಕಾಳು ಬೇಗ ಬೇಯಲಿ ಎಂದು ಅಡಿಗೆ ಸೋಡ ಹಾಕುವ ಅಭ್ಯಾಸ ಕೆಲವರಿಗಿದೆ. ಅದನ್ನು ಬಿಡಬೇಕು, ಸೋಡ ಜೀವಸತ್ವಗಳನ್ನು ಹಾಳುಮಾಡುತ್ತದೆ. ಬೆಂದ ಮೇಲೆ ಹುಣಸೆಹಣ್ಣು, ಉಪ್ಪು ಸೇರಿಸಿ ಕಡೆಗೋಲಿನಿಂದ ಚೆನ್ನಾಗಿ ಮಸೆಯಿರಿ. ಎಣ್ಣೆಯ ಒಗ್ಗರಣೆ ತಪ್ಪಿಸಬೇಡಿ, ಏಕೆಂದರೆ ಕ್ಯಾರೋಟಿನ್ ದೇಹಕ್ಕೆ ಸೇರಲು ಸ್ವಲ್ಪ ಜಿಡ್ಡು ಬೇಕು. ನುಗ್ಗೆಸೊಪ್ಪನ್ನು ಮಾತ್ರ ಮೊದಲ ದಿನವೇ ಹೆಚ್ಚು ಹಾಕಬೇಡಿ. ಅದರ ವಾಸನೆ ಹಿಡಿಯದವರು ಪಾತ್ರೆಯನ್ನೇ ದೂರವಿಡುತ್ತಾರೆ.

ಈಗ ಲೆಕ್ಕ ನೋಡಿ. ಒಬ್ಬೊಬ್ಬರಿಗೆ 150 ಗ್ರಾಂ ಸೊಪ್ಪು, 50 ಗ್ರಾಂ ಟೊಮೇಟೊ. 400ರಲ್ಲಿ ಅರ್ಧ ಆಯಿತು. 100 ಗ್ರಾಂ ಹಿಟ್ಟಿನ ಮುದ್ದೆಯಿಂದ ಸಸಾರಜನಕ ಸುಮಾರು 7 ಗ್ರಾಂ, ಬೇಳೆಯಿಂದ ಆರೇಳು, ಸೊಪ್ಪಿನಿಂದ ನಾಲ್ಕು. ಸರಾಸರಿ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಬೇಕು. ಅದರ ಮೂರನೆಯ ಒಂದು ಪಾಲು ಈ ಒಂದು ಸಾರು ಮುದ್ದೆಯಲ್ಲೇ ಬಂತು. ಮೇಲೆ ಒಂದು ಲೋಟ ಮಜ್ಜಿಗೆಯೋ ಒಂದು ಬೆಂದ ಮೊಟ್ಟೆಯೋ ಇದ್ದರೆ ಹೊಟ್ಟೆ ತುಂಬುವುದರ ಬಗ್ಗೆ ದೂರು ಬರಲಾರದು. ತರಕಾರಿ ಊಟವೆಂದರೆ ಹಸಿವು ಆರುವುದಿಲ್ಲ ಎಂದು ಗಂಡಸರು ಹೇಳುವುದು ತೆಳ್ಳನೆಯ ಹುಳಿಯನ್ನು ನೆನೆದು. ಕಾಳಿನ ಜೊತೆ ಬೆಂದ ಸೊಪ್ಪಿಗೆ ಆ ಮಾತು ಹೊಂದುವುದಿಲ್ಲ. ಹುರುಳಿ, ಅಲಸಂದೆ, ಹೆಸರುಕಾಳನ್ನು ಮೊಳಕೆ ಕಟ್ಟಿ ಬಳಸಿದರೆ ಇನ್ನೂ ಒಳ್ಳೆಯದು. ಮೊಳಕೆಯಲ್ಲಿ ಸಿ ಜೀವಸತ್ವ ಹುಟ್ಟುತ್ತದೆ, ಕಬ್ಬಿಣವನ್ನು ಹಿಡಿದಿಡುವ ಫೈಟಿಕ್ ಆಮ್ಲ ತಗ್ಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ತಟ್ಟೆಯಲ್ಲೇ ಅರ್ಧ ಹೋಳು ನಿಂಬೆ ಹಿಂಡಿಕೊಳ್ಳಲಿ. ಊಟದ ಹಿಂದೆಯೇ ಕಾಫಿ, ಟೀ ಬೇಡ. ಅದು ಕಬ್ಬಿಣವನ್ನು ಮತ್ತೆ ತಡೆಯುತ್ತದೆ. ಮೂತ್ರಪಿಂಡದ ತೊಂದರೆ, ಕಲ್ಲಿನ ತೊಂದರೆ ಇರುವವರು ಪಾಲಕ್, ದಂಟಿನ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರು ರಾಗಿಯೆಂಬ ಧೈರ್ಯದಲ್ಲಿ ಮುದ್ದೆಯ ಗಾತ್ರ ಹೆಚ್ಚಿಸಬಾರದು, ಹೆಚ್ಚಬೇಕಾದದ್ದು ಸಾರು.

ಮಾಂಸ ಉಣ್ಣುವ ಮನೆಗಳಲ್ಲಿ ಈ ಕೆಲಸ ಇನ್ನೂ ಸುಲಭ. ಇಲ್ಲಿಂದ ಶಿವಾಜಿನಗರದ ಕಡೆಗೆ ಹೋದರೆ ಮುಸಲ್ಮಾನರ ಮನೆಗಳಲ್ಲಿ ದಾಲ್ಚ ಮಾಡುತ್ತಾರೆ: ಬೇಳೆ, ಸೋರೆಕಾಯಿ, ಕುರಿಯ ಮೂಳೆಮಾಂಸ ಎಲ್ಲ ಒಂದೇ ಪಾತ್ರೆಯಲ್ಲಿ. ಸೋರೆಕಾಯಿ ಎಂದರೆ ಮುಖ ಸಿಂಡರಿಸುವವರು ದಾಲ್ಚದ ಸೋರೆಕಾಯಿಯನ್ನು ಹುಡುಕಿ ತಿನ್ನುತ್ತಾರೆ. ತೆಲುಗರ ಪಪ್ಪು, ತಮಿಳರ ಕೂಟು ಕೂಡ ಇದೇ ದಾರಿಯವು. ಕೃಷ್ಣರಾಜಪುರದಲ್ಲಿ ಈ ಎಲ್ಲ ಭಾಷೆಯ ಮನೆಗಳೂ ಒಂದೇ ಬೀದಿಯಲ್ಲಿವೆ. ಪಕ್ಕದ ಮನೆಯಿಂದ ಕಲಿಯುವುದಕ್ಕೆ ತರಬೇತಿ ಶಿಬಿರ ಬೇಕಾಗಿಲ್ಲ. ಭಾನುವಾರದ ಕೋಳಿ ಸಾರಿಗೆ ಎರಡು ಕಟ್ಟು ಮೆಂತ್ಯಸೊಪ್ಪು ಹಾಕಿ ನೋಡಿ.

ಸೊಪ್ಪನ್ನು ಕದ್ದು ಹಾಕಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ. ಇವತ್ತು ಇಂಥ ಸೊಪ್ಪು ಹಾಕಿದ್ದೇನೆ ಎಂದು ಹೇಳಿಯೇ ಬಡಿಸಿ. ಗೊತ್ತಿಲ್ಲದೆ ಉಂಡವರು ಒಂದು ದಿನ ಗೊತ್ತಾದಾಗ ಸಾರನ್ನೂ ಅನುಮಾನದಿಂದ ನೋಡುತ್ತಾರೆ. ಕೆಲವರ ನಾಲಿಗೆ ಹುಟ್ಟಿನಿಂದಲೇ ಕಹಿಯನ್ನು ಹೆಚ್ಚಾಗಿ ಗುರುತಿಸುತ್ತದೆ; ಅದು ಹಟವಲ್ಲ. ಇನ್ನು ಕೆಲವರಿಗೆ ಬೇಡವಾದದ್ದು ಬೆಂದ ತರಕಾರಿಯ ಮೆತ್ತನೆಯೇ ಹೊರತು ತರಕಾರಿಯಲ್ಲ. ಅಂಥವರಿಗೆ ಮುದ್ದೆ ತಿರುವುತ್ತಿರುವಾಗ, ಹಸಿದು ಕೂತಿರುವ ಹೊತ್ತಿಗೆ, ಸೌತೆಕಾಯಿ, ಕ್ಯಾರೆಟ್, ನೆನೆದ ಹೆಸರುಬೇಳೆಯ ಕೋಸಂಬರಿ ಮುಂದಿಡಿ. ಮುದ್ದೆ ಬರುವಷ್ಟರಲ್ಲಿ ಬಟ್ಟಲು ಖಾಲಿಯಾಗಿರುತ್ತದೆ. ನಮ್ಮ ಮನೆಯಲ್ಲಿ ನಡೆಯುವುದೂ ಇದೇ.

ಇನ್ನು ನನ್ನ ಸ್ವಂತ ವಿಷಯಕ್ಕೆ ಬರುತ್ತೇನೆ. ಸೊಪ್ಪು ರುಚಿಯಾಗಿಲ್ಲ ಎನ್ನುವ ದೂರಿನಲ್ಲಿ ಅಡುಗೆಯವರ ಪಾಲಿಗಿಂತ ಬೆಳೆದವರ ಪಾಲು ದೊಡ್ಡದು. ದಂಟು ಬಿತ್ತಿದ 25–30 ದಿನಕ್ಕೆ ಕೊಯ್ದರೆ ಎಳೆಯದಾಗಿರುತ್ತದೆ. ತೂಕ ಬರಲೆಂದು ಹೂ ಬರುವ ತನಕ ಬಿಟ್ಟರೆ ನಾರು ಕಟ್ಟುತ್ತದೆ, ರುಚಿ ಕೆಡುತ್ತದೆ. ಯೂರಿಯಾ ಅತಿಯಾಗಿ ಕೊಟ್ಟ ಸೊಪ್ಪು ಕಣ್ಣಿಗೆ ಸೊಂಪಾಗಿ ಕಂಡರೂ ಬೇಗ ಕೊಳೆಯುತ್ತದೆ, ಎಲೆಯಲ್ಲಿ ನೈಟ್ರೇಟ್ ಸೇರಿಕೊಳ್ಳುತ್ತದೆ. ಬೆಳಗ್ಗೆ ಕೊಯ್ದು ಅಂದೇ ರಾತ್ರಿ ಬೇಯಿಸಿದ ಸೊಪ್ಪಿಗೂ ಎರಡು ದಿನ ಗೋಣಿಚೀಲದಲ್ಲಿ ಬಾಡಿದ ಸೊಪ್ಪಿಗೂ ಹೋಲಿಕೆಯೇ ಇಲ್ಲ.

ಹಿಂದೆ ಈ ಸುತ್ತಿನಲ್ಲಿ ರಾಗಿಯ ಹೊಲವೇ ಸೊಪ್ಪಿನ ತೋಟವಾಗಿತ್ತು. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ. ನಡುವೆ ತಾನಾಗಿ ಹುಟ್ಟಿದ ಅಣ್ಣೆಸೊಪ್ಪು, ಹೊನಗನ್ನೆ, ಗೋಣಿಸೊಪ್ಪು. ತರಗತಿಯಲ್ಲಿ ನಾವು ಕಳೆ ಎಂದು ಪಾಠ ಮಾಡುವ ಈ ಗಿಡಗಳನ್ನು ಕಳೆ ಕೀಳುವ ಹೆಂಗಸರು ಮಡಿಲಿಗೆ ಹಾಕಿಕೊಂಡು ಬಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದರು. 2007ರಲ್ಲಿ ಕೃಷ್ಣರಾಜಪುರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಹೊಲಗಳು ಒಂದೊಂದಾಗಿ ಬಡಾವಣೆಗಳಾದವು. ಹೊಸಕೋಟೆಯ ಕಡೆ ಹೊಲ ಉಳಿದಿರುವವರು ರಾಗಿಯ 8 ಅಥವಾ 10 ಸಾಲಿಗೆ 2 ಸಾಲು ತೊಗರಿ, ಇಲ್ಲವೆ 8 ಸಾಲಿಗೆ 1 ಸಾಲು ಅವರೆ ಹಾಕುವುದನ್ನು ಬಿಡಬೇಡಿ. ಕಳೆನಾಶಕ ಹೊಡೆದ ಹೊಲದ ಬೆರಕೆ ಸೊಪ್ಪನ್ನು ಮಾತ್ರ ಕೊಯ್ಯಬಾರದು.

ಅವರೆಯ ಬಗ್ಗೆ ಒಂದು ಮಾತು. ತರಕಾರಿ ಒಲ್ಲದ ಗಂಡಸರೂ ಹಿತಕಿದ ಬೇಳೆ ಸಾರಿಗೆ ಇಲ್ಲವೆನ್ನುವುದಿಲ್ಲ. ಹಳೆಯ ತಳಿಗಳು ಹಗಲು ಕುಗ್ಗಿದ ಚಳಿಗಾಲದಲ್ಲಷ್ಟೇ ಕಾಯಿ ಕೊಡುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ 3 ಮತ್ತು 4 ಎಲ್ಲ ಕಾಲದಲ್ಲೂ ಬರುತ್ತವೆ. ಸೊಗಡು ಹಳೆಯದರಷ್ಟಿಲ್ಲ ಎನ್ನುವವರಿದ್ದಾರೆ. ನನಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಬೇಸಿಗೆಯಲ್ಲಿ ಅವರೆ ಸಾರಿನ ಜೊತೆ ಬದನೆಕಾಯಿ, ಸಬ್ಬಸಿಗೆಸೊಪ್ಪು ಹೊಟ್ಟೆಗೆ ಸೇರುವುದಾದರೆ ಸೊಗಡಿನ ವಿಷಯದಲ್ಲಿ ಸ್ವಲ್ಪ ಸೋಲಬಹುದು.

ಕೊಂಡು ತಿನ್ನುವವರು ಕೇಳಿ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪನ್ನು ನೋಟದಿಂದ ಗುರುತಿಸಲಾಗದು. ಉಪ್ಪುನೀರಿನಲ್ಲಿ ತೊಳೆದರೆ ಮಣ್ಣು, ಹುಳು ಹೋಗುತ್ತವೆ. ಎಲೆಯೊಳಗೆ ಸೇರಿದ ಸೀಸ, ಕ್ಯಾಡ್ಮಿಯಂ ಹೋಗುವುದಿಲ್ಲ. ಆದಕಾರಣ ಯಾವ ನೀರಿನದು ಎಂದು ಮಾರುವವರನ್ನು ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ಬೆಳೆಯುವವರಿಗೂ ಒಂದು ಮಾತಿದೆ. ಕೆಲವು ಮನೆಗಳಲ್ಲಿ ಯಜಮಾನರು ತರಕಾರಿ ತಿನ್ನದಿರುವುದಕ್ಕೆ ಕಾರಣ, ಮೊನ್ನೆ ತಾವೇ ಅದಕ್ಕೆ ಔಷಧಿ ಹೊಡೆದಿರುವುದು. ತಮ್ಮ ಮನೆಗೆ ಬೇಡವೆನ್ನಿಸಿದ್ದು ಪೇಟೆಗೆ ಹೇಗೆ ಹೋಗುತ್ತದೆ? ಡಬ್ಬದ ಮೇಲೆ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂದು ಬರೆದಿರುತ್ತದೆ. ಅಷ್ಟು ದಿನ ಕಾದು ಕೊಯ್ದದ್ದು ಪೇಟೆಗೂ ಆಗುತ್ತದೆ, ಮನೆಗೂ ಆಗುತ್ತದೆ.

ಜಾಗ ಇಲ್ಲದವರಿಗೆ ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೂರು ಮಡಿ ಸಾಕು. ಒಂದರಲ್ಲಿ ದಂಟು, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಸುಗುಣ ತಳಿಯನ್ನು ಕೊಯ್ದಷ್ಟೂ ಚಿಗುರುತ್ತದೆ. ಎರಡನೆಯದರಲ್ಲಿ ಮೆಂತ್ಯ, ಮೂರನೆಯದರಲ್ಲಿ ಸಬ್ಬಸಿಗೆ. ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ, ಹತ್ತು ಹನ್ನೆರಡು ದಿನ ಬಿಟ್ಟು ಬಿತ್ತಿ. ದಂಟಿನ ಬೀಜ ಬಹಳ ಸಣ್ಣದಾದ್ದರಿಂದ ಹತ್ತರಷ್ಟು ಮರಳಿನಲ್ಲಿ ಬೆರೆಸಿ ಎರಚಬೇಕು. ಇಲ್ಲವಾದರೆ ಒತ್ತಾಗಿ ಹುಟ್ಟಿ ಸೊರಗುತ್ತದೆ. ಬಚ್ಚಲ ನೀರು ಹೋಗುವ ಕಡೆ ಸ್ವಲ್ಪ ದೂರದಲ್ಲಿ ಒಂದು ನುಗ್ಗೆ ನೆಡಿ. ಬೀಜದಿಂದ ಬೆಳೆಸುವ ಪಿ.ಕೆ.ಎಂ. 1 ತಳಿ ಆರು ತಿಂಗಳಿಗೆ ಕಾಯಿಗೆ ಬರುತ್ತದೆ, ಸೊಪ್ಪು ಅದಕ್ಕೂ ಮೊದಲೇ ಸಿಗುತ್ತದೆ. ಆಳೆತ್ತರ ಬಂದಾಗ ತುದಿ ಚಿವುಟಿದರೆ ಕೈಗೆಟುಕುವ ಮಟ್ಟದಲ್ಲಿ ಕವಲೊಡೆಯುತ್ತದೆ. ಅಲ್ಲಿಂದ ಮುಂದೆ ದಿನಕ್ಕೊಂದು ಹಿಡಿ ನುಗ್ಗೆಸೊಪ್ಪನ್ನು ಯಜಮಾನರೇ ಕೊಯ್ದು ತಂದುಕೊಡಲಿ.